ಬಟ್ಟೆ ಒಗೆಯುವ ಯಂತ್ರದ ನಿರ್ವಹಣೆ (ಬಾಗಲಕೋಟೆ ಸೀಮೆ)

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ವಾಷಿಂಗ್ ಮಷಿನ್ನಿನ ಆಯುಷ್ಯ ಕಡಿಮೆ ಮಾಡುವುದು ಕೊಳವೆಬಾವಿಯ ಗಡಸು ನೀರು. ಕಲಾದಗಿ ಶಿಲಾಸಮೂಹದ ಸುಣ್ಣಕಲ್ಲು ಇರುವ ಕಡೆ ಅಂತರ್ಜಲದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಕಾದಾಗ ಇವು ಹೀಟರಿನ ಮೇಲೆ ಬಿಳಿ ಪದರವಾಗಿ ಕೂರುತ್ತವೆ. ಸಾಬೂನಿನೊಡನೆ ಸೇರಿ ಡ್ರಮ್ಮಿಗೆ ಜಿಡ್ಡು ಹಿಡಿಸುತ್ತವೆ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ಸಿಟ್ರಿಕ್ ಆಮ್ಲದ ಪುಡಿ ಬೆರೆಸಿ ಬಿಸಿನೀರಿನಲ್ಲಿ ಯಂತ್ರ ಓಡಿಸಿದರೆ ಈ ಪದರ ಕರಗುತ್ತದೆ. ಈ ಆಮ್ಲಕ್ಕೆ ಬ್ಲೀಚಿಂಗ್ ಪುಡಿ ಕೂಡಿಸಬಾರದು. ಕೂಡಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ನೀರು ಬರುವ ಪೈಪಿನ ಜಾಲರಿಯಲ್ಲಿ ಉಸುಕು ಸಿಕ್ಕಿಕೊಳ್ಳುತ್ತದೆ, ನೀರು ತುಂಬುವುದು ತಡವಾದರೆ ಮೊದಲು ಅದನ್ನೇ ಬಿಚ್ಚಿ ನೋಡಬೇಕು. ಒಗೆದ ಮೇಲೆ ಬಾಗಿಲು ತೆರೆದಿಟ್ಟರೆ ಬೂಷ್ಟು ಹಿಡಿಯದು. ಒಡಲಿಗೆ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಜೋಡಿಸಿದ ಇಳಕಲ್ ಸೀರೆಗೆ ಮಾತ್ರ ಈ ಯಂತ್ರ ತಕ್ಕದ್ದಲ್ಲ.