ಮೀಟರಿಗೆ ಕಾಣದ ಒಡಕು: ಮಲ್ಟಿಟ್ರ್ಯಾಕ್ ದಾಖಲೀಕರಣದಲ್ಲಿ ಮೈಕಿನ ವಿದ್ಯುತ್ತು ಮತ್ತು ಧ್ವನಿಮಟ್ಟ

1. ಪ್ರಶ್ನೆ

ಯಕ್ಷಗಾನದ ಹಿಮ್ಮೇಳವನ್ನು ಅಧ್ಯಯನಕ್ಕೆಂದು ದಾಖಲಿಸುವಾಗ ಒಂದೊಂದು ವಾದ್ಯಕ್ಕೂ ಒಂದೊಂದು ಟ್ರ್ಯಾಕ್ ಕೊಡುವುದು ಲೇಸು. ಭಾಗವತರ ಪದ, ಮದ್ದಳೆ, ಚೆಂಡೆ, ಹಾರ್ಮೋನಿಯಂ ಶ್ರುತಿ ಬೇರೆ ಬೇರೆಯಾಗಿ ಸಿಕ್ಕರೆ ಮುಂದೆ ತಾಳದ ಲೆಕ್ಕ ಹಾಕುವವರಿಗೂ ಪದದ ಮಟ್ಟು ಗುರುತಿಸುವವರಿಗೂ ಅನುಕೂಲ. ಬಯಲಿನಲ್ಲಿ ಈ ಕೆಲಸಕ್ಕೆ ಒದಗುವುದು ಬ್ಯಾಟರಿಯಲ್ಲಿ ನಡೆಯುವ ಮಲ್ಟಿಟ್ರ್ಯಾಕ್ ರೆಕಾರ್ಡರ್. ಅದರ ಮುಂದೆ ಕೂತವರು ನೋಡುವುದು ಮುಖ್ಯವಾಗಿ ಲೆವೆಲ್ ಮೀಟರನ್ನು. ಕೆಂಪು ದೀಪ ಹತ್ತದಿದ್ದರೆ ದಾಖಲೆ ಶುದ್ಧವಾಗಿದೆ ಎಂಬುದು ರೂಢಿಯ ನಂಬಿಕೆ.

ಈ ಟಿಪ್ಪಣಿ ಆ ನಂಬಿಕೆಯನ್ನು ಪರಿಶೀಲಿಸುತ್ತದೆ. ಮೈಕಿಗೆ ಸಲ್ಲುವ ವಿದ್ಯುತ್ತು ಕಡಿಮೆಯಾದಾಗ ಧ್ವನಿ ಮೈಕಿನೊಳಗೇ ಒಡೆಯಬಹುದು. ಆ ಒಡಕು ಮೀಟರಿನಲ್ಲಿ ಸುರಕ್ಷಿತ ಮಟ್ಟವಾಗಿಯೇ ತೋರುತ್ತದೆ. ವಿದ್ಯುತ್ ಪೂರೈಕೆ ಮತ್ತು ಧ್ವನಿಮಟ್ಟದ ನಿಗಾ ಕೈಪಿಡಿಗಳಲ್ಲಿ ಎರಡು ಬೇರೆ ಅಧ್ಯಾಯಗಳಾಗಿ ಬರುತ್ತವಾದರೂ ಅವನ್ನು ಕೂಡಿಸಿ ಓದಬೇಕು ಎಂಬುದು ಇಲ್ಲಿನ ವಾದ. ಆಧಾರಗಳು ಎರಡು: ಪ್ರಕಟಿತ ಮಾನಕಗಳು ಮತ್ತು ಅವುಗಳಿಂದ ಓಮ್‌ನ ನಿಯಮದಂತೆ ಹೊರಡುವ ಸರಳ ಲೆಕ್ಕ.

2. ನಲವತ್ತೆಂಟು ವೋಲ್ಟಿನ ಹಿನ್ನೆಲೆ

ಕಂಡೆನ್ಸರ್ ಮೈಕ್ ಹೊಸದಲ್ಲ. ಇ. ಸಿ. ವೆಂಟೆ ಅದನ್ನು ರೂಪಿಸಿದ್ದು 1916ರಲ್ಲಿ. ಅದರ ತೆಳುಪೊರೆಗೆ ವಿದ್ಯುದಂಶ ಬೇಕು, ಪೊರೆಯ ಕ್ಷೀಣ ಸಂಕೇತವನ್ನು ತಂತಿಗೆ ದಾಟಿಸಲು ಒಳಗೇ ಒಂದು ಆಂಪ್ಲಿಫೈಯರ್ ಬೇಕು. ವಾಲ್ವ್‌ಗಳ ಕಾಲದಲ್ಲಿ ಇದಕ್ಕಾಗಿ ಮೈಕಿನ ಜೊತೆ ಪ್ರತ್ಯೇಕ ಪವರ್ ಸಪ್ಲೈ ಪೆಟ್ಟಿಗೆಯೂ ಹಲವು ಎಳೆಗಳ ಕೇಬಲ್ಲೂ ಇರಬೇಕಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಬೇಕಾದ ಕರೆಂಟು ಕೆಲವೇ ಮಿಲಿಆಂಪಿಯರಿಗೆ ಇಳಿಯಿತು. ಧ್ವನಿಯನ್ನು ಹೊತ್ತು ತರುವ ತಂತಿಗಳಲ್ಲೇ ವಿದ್ಯುತ್ತನ್ನೂ ಕಳುಹಿಸುವುದು ಆಗ ಸಾಧ್ಯವಾಯಿತು. ಇದೇ ಫ್ಯಾಂಟಮ್ ಪವರ್.

48 ವೋಲ್ಟ್ ಎಂಬ ಅಂಕಿ ಬಂದದ್ದು ನಾರ್ವೆಯಿಂದ. ಜರ್ಮನಿಯ ನಾಯ್ಮನ್ ಕಂಪನಿ 1966ರಲ್ಲಿ ನಾರ್ವೆಯ ರಾಷ್ಟ್ರೀಯ ಪ್ರಸಾರ ಸಂಸ್ಥೆ ಎನ್‌ಆರ್‌ಕೆಗಾಗಿ ಕೆಎಂ 84 ಮೈಕನ್ನು ಸಿದ್ಧಪಡಿಸುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟಿನ ಪೂರೈಕೆ ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. ಈ ಪದ್ಧತಿ ಮುಂದೆ ಜರ್ಮನ್ ಮಾನಕವಾಯಿತು. ಈಗ ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ಪಿ48 ಎಂಬ ಹೆಸರಿನಿಂದ ಇದೆ.

ಮಾನಕದ ಸಾರ ಹೀಗಿದೆ. ಪೂರೈಕೆ 48 ವೋಲ್ಟ್. 4 ವೋಲ್ಟ್ ಹೆಚ್ಚು ಕಡಿಮೆ ಆಗಬಹುದು. ಎಕ್ಸ್‌ಎಲ್‌ಆರ್ ಕನೆಕ್ಟರಿನ 2 ಮತ್ತು 3ನೇ ಪಿನ್ನುಗಳಿಗೆ ತಲಾ 6.8 ಕಿಲೋಓಮ್ ರೋಧಕದ ಮೂಲಕ ಒಂದೇ ವೋಲ್ಟೇಜ್ ಹೋಗುತ್ತದೆ. 1ನೇ ಪಿನ್ನಿನ ಮೂಲಕ ಕರೆಂಟು ಮರಳುತ್ತದೆ. ಒಂದು ಮೈಕ್ ಗರಿಷ್ಠ 10 ಮಿಲಿಆಂಪಿಯರ್ ಎಳೆಯಬಹುದು. ಎರಡು ರೋಧಕಗಳ ನಡುವಿನ ವ್ಯತ್ಯಾಸ ಶೇ. 0.4 ಮೀರಬಾರದು, ಅಂದರೆ ಸುಮಾರು 27 ಓಮ್. ಧ್ವನಿಯ ಎರಡೂ ಎಳೆಗಳು ಒಂದೇ ವೋಲ್ಟೇಜಿನಲ್ಲಿ ಇರುವುದರಿಂದ ಸರಿಯಾಗಿ ಬ್ಯಾಲೆನ್ಸ್ ಆದ ಡೈನಾಮಿಕ್ ಮೈಕಿನ ಸುರುಳಿಯಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಭಾಗವತರ ಮುಂದೆ ಡೈನಾಮಿಕ್ ಮೈಕ್ ಇದ್ದು ಅದರ ಚಾನೆಲ್ಲಿಗೂ ಫ್ಯಾಂಟಮ್ ಪವರ್ ಹೋದರೆ ತೊಂದರೆಯಿಲ್ಲ. ಎಚ್ಚರಿಕೆ ಬೇಕಾದದ್ದು ರಿಬ್ಬನ್ ಮೈಕಿಗೆ: ಕೇಬಲ್ಲಿನ ಒಂದು ಎಳೆ ತುಂಡಾಗಿದ್ದರೆ ಅಥವಾ ನೆಲದ ತಂತಿಗೆ ತಗುಲಿದ್ದರೆ ಸಮತೋಲ ಕೆಟ್ಟು ರಿಬ್ಬನ್ನಿಗೆ ಪೆಟ್ಟಾಗಬಹುದು.

3. ಮೈಕಿಗೆ ಎಷ್ಟು ತಲುಪುತ್ತದೆ?

ಮೈಕಿಗೆ ನಿಜವಾಗಿ 48 ವೋಲ್ಟ್ ತಲುಪುವುದಿಲ್ಲ. ಕರೆಂಟು ಎರಡೂ ರೋಧಕಗಳಲ್ಲಿ ಹಂಚಿಕೊಂಡು ಹರಿಯುವುದರಿಂದ ಅವೆರಡೂ ಸೇರಿ 3.4 ಕಿಲೋಓಮ್ ಎಂದು ಲೆಕ್ಕಕ್ಕೆ ಬರುತ್ತವೆ. 2 ಮಿಲಿಆಂಪಿಯರ್ ಎಳೆಯುವ ಮೈಕಿನ ಪಾಲಿಗೆ 6.8 ವೋಲ್ಟ್ ಕಳೆದು 41.2 ವೋಲ್ಟ್ ಉಳಿಯುತ್ತದೆ. 5 ಮಿಲಿಆಂಪಿಯರ್ ಎಳೆಯುವುದಕ್ಕೆ 31 ವೋಲ್ಟ್, 10 ಮಿಲಿಆಂಪಿಯರ್ ಎಳೆಯುವುದಕ್ಕೆ 14 ವೋಲ್ಟ್. ಪಿ48ಕ್ಕೆಂದು ಮಾಡಿದ ಮೈಕುಗಳ ವಿನ್ಯಾಸದಲ್ಲಿ ಈ ಇಳಿತ ಮೊದಲೇ ಸೇರಿರುತ್ತದೆ.

ತೊಡಕು ಹುಟ್ಟುವುದು ಬ್ಯಾಟರಿ ಉಳಿಸಲು ಹೊರಟಾಗ. ತಲಾ 5 ಮಿಲಿಆಂಪಿಯರಿನ ನಾಲ್ಕು ಮೈಕುಗಳಿಗೆ 48 ವೋಲ್ಟಿನಲ್ಲಿ 0.96 ವಾಟ್ ಬೇಕು. ಬ್ಯಾಟರಿಯ ಸಣ್ಣ ವೋಲ್ಟೇಜನ್ನು 48ಕ್ಕೆ ಏರಿಸುವ ಪರಿವರ್ತಕದ ದಕ್ಷತೆ ಶೇ. 75 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ 1.28 ವಾಟ್ ಹೋಗುತ್ತದೆ. 2 ಆಂಪಿಯರ್-ಗಂಟೆಯ ನಾಲ್ಕು ರೀಚಾರ್ಜಬಲ್ ಎಎ ಸೆಲ್ಲುಗಳಲ್ಲಿ ಇರುವುದು ಒಟ್ಟು 9.6 ವಾಟ್-ಗಂಟೆ. ಮೈಕುಗಳಿಗೆ ಮಾತ್ರವೇ ಅದು ಏಳೂವರೆ ಗಂಟೆಗೆ ಮುಗಿದೀತು. ರೆಕಾರ್ಡರಿನ ಸ್ವಂತ ಖರ್ಚು ಸೇರಿದರೆ ಬೆಳಗಿನ ಮಂಗಳದವರೆಗೆ ಬರುವ ಮಾತೇ ಇಲ್ಲ. ಇದಕ್ಕಾಗಿಯೇ ಕೆಲವು ಕೈ ರೆಕಾರ್ಡರುಗಳಲ್ಲಿ ಫ್ಯಾಂಟಮ್ ಪವರನ್ನು 24 ಅಥವಾ 12 ವೋಲ್ಟಿಗೆ ಇಳಿಸುವ ಆಯ್ಕೆ ಇರುತ್ತದೆ. ಜೂಮ್ ಎಚ್6ರಲ್ಲಿ ಮೂರೂ ಇವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾನಕದ ಪಿ24 ಎಂದರೆ ವೋಲ್ಟೇಜ್ ಅರ್ಧವಾದದ್ದಷ್ಟೇ ಅಲ್ಲ. ಅದರಲ್ಲಿ ರೋಧಕವೂ 1.2 ಕಿಲೋಓಮ್‌ಗೆ ಇಳಿಯುತ್ತದೆ. 5 ಮಿಲಿಆಂಪಿಯರಿನ ಮೈಕಿಗೆ ಅಲ್ಲಿ 3 ವೋಲ್ಟ್ ಮಾತ್ರ ಕಳೆದು 21 ವೋಲ್ಟ್ ಸಿಗುತ್ತದೆ. ರೆಕಾರ್ಡರ್ 6.8 ಕಿಲೋಓಮ್ ರೋಧಕವನ್ನು ಹಾಗೆಯೇ ಇಟ್ಟುಕೊಂಡು ವೋಲ್ಟೇಜನ್ನು ಮಾತ್ರ 24ಕ್ಕೆ ಇಳಿಸಿದರೆ ಅದೇ ಮೈಕಿಗೆ ಸಿಗುವುದು 7 ವೋಲ್ಟ್. 10 ಮಿಲಿಆಂಪಿಯರಿನ ಮೈಕಂತೂ ನಡೆಯುವುದೇ ಇಲ್ಲ. ಪಿನ್ನುಗಳನ್ನು ಶಾರ್ಟ್ ಮಾಡಿದರೂ ಅಷ್ಟು ಕರೆಂಟು ಬಾರದು. ಪರದೆಯ ಮೇಲೆ ಮಾತ್ರ ಎರಡೂ ‘24 ವೋಲ್ಟ್’ ಎಂದೇ ಕಾಣುತ್ತವೆ.

4. ಕೊರತೆಯ ಮೂರು ಬಗೆ

ವೋಲ್ಟೇಜ್ ಕೊರತೆಗೆ ಎಲ್ಲ ಮೈಕುಗಳೂ ಒಂದೇ ರೀತಿ ವರ್ತಿಸುವುದಿಲ್ಲ.

ಫ್ಯಾಂಟಮ್ ವೋಲ್ಟೇಜನ್ನೇ ನೇರವಾಗಿ ಪೊರೆಗೆ ಕೊಡುವ ಮೈಕುಗಳಲ್ಲಿ ಸಂವೇದನೆ ಆ ವೋಲ್ಟೇಜಿನ ಅನುಪಾತದಲ್ಲಿ ಇಳಿಯುತ್ತದೆ. ಪೊರೆಯ ವೋಲ್ಟೇಜ್ ಅರ್ಧವಾದರೆ ಸಂಕೇತ 6 ಡಿಬಿ ಕಡಿಮೆ. ದಾಖಲಿಸುವವರು ಮೀಟರ್ ನೋಡಿ ಗೇನ್ ಏರಿಸುತ್ತಾರೆ, ಮೀಟರ್ ಮೊದಲಿನ ಜಾಗಕ್ಕೆ ಬರುತ್ತದೆ. ಅದರೊಂದಿಗೆ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆಯೂ 6 ಡಿಬಿ ಮೇಲೇರಿ ಕೂತಿರುತ್ತದೆ.

ಇಲೆಕ್ಟ್ರೆಟ್ ಮೈಕುಗಳ ಪೊರೆಯ ಬದಿಯಲ್ಲಿ ವಿದ್ಯುದಂಶ ಕಾಯಂ ಆಗಿ ನೆಲೆಸಿರುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ರೂಪಿಸಿದ ವಿಧಾನ ಇದು. ಇವುಗಳ ಸಂವೇದನೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಒಳಗಿನ ಆಂಪ್ಲಿಫೈಯರಿನ ಎತ್ತರದ ಮಿತಿ ಮಾತ್ರ ತಗ್ಗುತ್ತದೆ. ಮೆಲುದನಿ ಸರಿಯಾಗಿರುತ್ತದೆ, ಪೆಟ್ಟು ಜೋರಾದಾಗ ಒಡೆಯುತ್ತದೆ. ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಒಳಗೆ ತಮ್ಮದೇ ವೋಲ್ಟೇಜ್ ಪರಿವರ್ತಕ ಇರುವ ಮೈಕುಗಳು ಒಂದು ಮಿತಿಯವರೆಗೆ ಏನೂ ಆಗದಂತೆ ನಡೆದು, ಆಮೇಲೆ ಒಮ್ಮೆಲೇ ಕೈಕೊಡುತ್ತವೆ. ಟ್ರ್ಯಾಕ್ ಖಾಲಿಯಾಗುವುದರಿಂದ ಈ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ.

5. ಮೀಟರ್ ಏನನ್ನು ಅಳೆಯುತ್ತದೆ?

1939ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್, ಎನ್‌ಬಿಸಿ, ಸಿಬಿಎಸ್ ಸೇರಿ ರೂಢಿಗೆ ತಂದ ವಿಯು ಮೀಟರಿನ ಮುಳ್ಳು ಸ್ಥಿರ ಧ್ವನಿಯೊಂದರ ಶೇ. 99ರಷ್ಟು ಎತ್ತರ ಮುಟ್ಟಲು 300 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಮಾತಿಗೆ, ಎಳೆದು ಹಾಡುವ ಪದಕ್ಕೆ ಇದು ಒಪ್ಪುತ್ತದೆ. ಚೆಂಡೆಯ ಪೆಟ್ಟಿಗೆ ಒಪ್ಪದು. ಮುಳ್ಳಿನ ಚಲನೆಯನ್ನು ಸರಳ ಘಾತೀಯ ಏರಿಕೆ ಎಂದು ಅಂದಾಜಿಸಿದರೆ 10 ಮಿಲಿಸೆಕೆಂಡಿನ ಪೆಟ್ಟನ್ನು ಅದು ಸುಮಾರು 17 ಡಿಬಿ ಕಡಿಮೆ ಮಾಡಿ ತೋರಿಸುತ್ತದೆ. ಬಿಬಿಸಿ ಬಳಕೆಗೆ ತಂದ ಪೀಕ್ ಪ್ರೋಗ್ರಾಂ ಮೀಟರಿನ ಸ್ಪಂದನಕಾಲ 10 ಮಿಲಿಸೆಕೆಂಡ್. ಅದೇ ಪೆಟ್ಟನ್ನು ಅದು ಎರಡು ಎರಡೂವರೆ ಡಿಬಿಯಷ್ಟೇ ಕಡಿಮೆ ತೋರಿಸುತ್ತದೆ.

ಇಂದಿನ ರೆಕಾರ್ಡರುಗಳಲ್ಲಿ ಇರುವುದು ಸಾಮಾನ್ಯವಾಗಿ ಡಿಜಿಟಲ್ ಪೀಕ್ ಮೀಟರ್. ಅದು ಧ್ವನಿಸಂಕೇತವನ್ನು ಅಂಕಿಗಳಾಗಿಸುವ ಪರಿವರ್ತಕದಿಂದ ಬಂದ ಅತಿ ದೊಡ್ಡ ಅಂಕಿಯನ್ನು ತೋರಿಸುತ್ತದೆ. ಎಷ್ಟೇ ಚಿಕ್ಕ ಪೆಟ್ಟಾದರೂ ಅಂಕಿಯಾಗಿ ಬಂದಿದ್ದರೆ ತಪ್ಪಿಸಿಕೊಳ್ಳದು. 0 ಡಿಬಿಎಫ್‌ಎಸ್ ಅದರ ತುದಿ. 24 ಬಿಟ್ ದಾಖಲೆಯಲ್ಲಿ ಕೆಳಗಡೆ ಧಾರಾಳ ಜಾಗ ಇರುವುದರಿಂದ ಅತಿ ಜೋರಿನ ಪೆಟ್ಟು −12ರ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಡುವುದು ಒಳ್ಳೆಯದು. ಯುರೋಪಿನ ಪ್ರಸಾರಕರ −23 ಎಲ್‌ಯುಎಫ್‌ಎಸ್ ಗುರಿಯನ್ನು ಇಲ್ಲಿಗೆ ತರುವುದು ಸಲ್ಲದು. ಅದು ಸಿದ್ಧ ಕಾರ್ಯಕ್ರಮದ ಸರಾಸರಿ ಗಟ್ಟಿತನಕ್ಕೆ ಇಟ್ಟ ಅಳತೆ. ಗೇನ್ ಹೊಂದಿಸುವ ಹೊತ್ತೂ ಮುಖ್ಯ. ಶೃಂಗಾರ ಕರುಣಗಳ ಪದಕ್ಕೆ ಮದ್ದಳೆ ಮಾತ್ರ ನಡೆಯುವಾಗ ಹೊಂದಿಸಿದ ಗೇನ್ ಒಡ್ಡೋಲಗದ ಚೆಂಡೆಗೆ ತಾಳುವುದಿಲ್ಲ. ಚೆಂಡೆ ಪಕ್ಕದ ಮೈಕುಗಳಿಗೂ ನುಗ್ಗುತ್ತದೆ; ನಾಲ್ಕೂ ಟ್ರ್ಯಾಕಿನಲ್ಲಿ −12ಕ್ಕೆ ಮುಟ್ಟಿದ ಒಂದೇ ಪೆಟ್ಟು ಒಟ್ಟು ಮಿಶ್ರಣದಲ್ಲಿ ಪೂರ್ಣ ಹೊಂದಿ ಬಂದರೆ 0ಗೆ ಏರಬಹುದು. ಆದ್ದರಿಂದ ಟ್ರ್ಯಾಕ್ ಮೀಟರನ್ನೂ ಮಿಶ್ರಣದ ಮೀಟರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಇಷ್ಟೆಲ್ಲ ಸರಿಯಿದ್ದರೂ ಮೀಟರ್ ಕೂತಿರುವುದು ಪರಿವರ್ತಕದ ಆಚೆಗೆ. ಅಲ್ಲಿಗೆ ಬರುವ ಮುಂಚೆ ಆದದ್ದು ಅದಕ್ಕೆ ತಿಳಿಯದು. ಒಂದು ಲೆಕ್ಕ ನೋಡಿ. ಪ್ಯಾಸ್ಕಲ್ಲಿಗೆ 10 ಮಿಲಿವೋಲ್ಟ್ ಸಂವೇದನೆಯ ಮೈಕ್ 130 ಡಿಬಿ ಒತ್ತಡದ ಧ್ವನಿಗೆ ಸುಮಾರು 0.63 ವೋಲ್ಟ್ ಕೊಡಬೇಕು. ಅದರ ತುದಿ 0.89 ವೋಲ್ಟ್. ವಿದ್ಯುತ್ತಿನ ಕೊರತೆಯಿಂದ ಅದು 0.2 ವೋಲ್ಟಿಗೇ ಒಡೆಯುತ್ತಿದೆ ಎನ್ನೋಣ. ರೆಕಾರ್ಡರಿನ ಗೇನ್ 1 ವೋಲ್ಟಿಗೆ 0 ಡಿಬಿಎಫ್‌ಎಸ್ ಆಗುವಂತಿದ್ದರೆ ಮೀಟರ್ ತೋರಿಸುವುದು −14. ಕೆಂಪು ದೀಪ ಹತ್ತದು, ಲಿಮಿಟರ್ ಏಳದು. ಪೆಟ್ಟಿನ ತಲೆ ಮಾತ್ರ ಆಗಲೇ ಚಪ್ಪಟೆಯಾಗಿರುತ್ತದೆ. 32 ಬಿಟ್ ಫ್ಲೋಟ್ ರೆಕಾರ್ಡರ್ ತಂದರೂ ಇದಕ್ಕೆ ಮದ್ದಿಲ್ಲ. ಅದು ಪರಿವರ್ತಕದ ತುದಿಯನ್ನು ಮೇಲಕ್ಕೆ ಸರಿಸುತ್ತದೆಯೇ ಹೊರತು ಮೈಕಿನ ತುದಿಯನ್ನಲ್ಲ.

6. ಕಂಡುಹಿಡಿಯುವ ದಾರಿ

ಮೊದಲನೆಯದು ಹೊರಡುವ ಮುನ್ನದ ಪರೀಕ್ಷೆ. ಮೈಕ್ ಇಲ್ಲದೆ ಮಲ್ಟಿಮೀಟರಿನಲ್ಲಿ 1 ಮತ್ತು 2ನೇ ಪಿನ್ನಿನ ನಡುವೆ 48 ವೋಲ್ಟ್ ಕಂಡರೆ ಸಾಲದು. ಭಾರ ಬಿದ್ದಾಗ ಅದು ನಿಲ್ಲುತ್ತದೆಯೇ ನೋಡಬೇಕು. ಒಂದು ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಕೂಡಿಸಿ, ಅಲ್ಲಿಂದ 1ನೇ ಪಿನ್ನಿಗೆ 1.4 ಕಿಲೋಓಮ್ ರೋಧಕ ಬೆಸೆದರೆ ಅದು 10 ಮಿಲಿಆಂಪಿಯರ್ ಎಳೆಯುವ ಮೈಕಿನಂತೆಯೇ ವರ್ತಿಸುತ್ತದೆ. ಶಾಖ 0.14 ವಾಟ್ ಮಾತ್ರ. ಕಾಲು ವಾಟಿನ ರೋಧಕ ಸಾಕು. ಅದರ ಎರಡು ತುದಿಗಳ ನಡುವೆ 14 ವೋಲ್ಟ್ ಕಂಡರೆ ಒಳಗಿನ ಪೂರೈಕೆ 48 ಇದೆ. ಕಂಡದ್ದನ್ನು 3.43ರಿಂದ ಗುಣಿಸಿದರೆ ನಿಜವಾದ ಪೂರೈಕೆ ತಿಳಿಯುತ್ತದೆ, 11.7 ಕಂಡರೆ ಅದು 40ಕ್ಕೆ ಕುಸಿದಿದೆ ಎಂದು ಅರ್ಥ. ಬಳಸಲಿರುವ ಎಲ್ಲ ಚಾನೆಲ್ಲುಗಳಿಗೂ ಒಟ್ಟಿಗೆ ಭಾರ ಹಾಕಿ, ಬ್ಯಾಟರಿ ಅರ್ಧ ಇಳಿದ ಮೇಲೆ ಅಳೆದರೆ ಮಾತ್ರ ಫಲಿತಾಂಶ ನಂಬಲರ್ಹ.

ಎರಡನೆಯದು ದಾಖಲೆಯಾದ ಮೇಲಿನ ಪರೀಕ್ಷೆ. ಬಾರಿಸುವವರ ಕೈ ಎಷ್ಟೇ ಪಳಗಿದ್ದರೂ ಪೆಟ್ಟುಗಳ ಎತ್ತರ ಒಂದೇ ಸಮ ಇರುವುದಿಲ್ಲ. ಯುದ್ಧದ ಪದವೊಂದರ ಚೆಂಡೆ ಟ್ರ್ಯಾಕಿನಲ್ಲಿ ಜೋರಿನ ಪೆಟ್ಟುಗಳೆಲ್ಲ −14ಕ್ಕೆ ಬಂದು ಅಲ್ಲೇ ನಿಂತಿದ್ದರೆ, ಒಂದೂ ಅದನ್ನು ದಾಟದಿದ್ದರೆ, ಅಲ್ಲೊಂದು ಮಿತಿ ಅಡ್ಡ ಬಂದಿದೆ ಎಂದೇ ತಿಳಿಯಬೇಕು. ತರಂಗವನ್ನು ಹಿಗ್ಗಿಸಿ ನೋಡಿದರೆ ತಲೆಗಳು ಬೋಳಾಗಿರುವುದು ಕಾಣುತ್ತದೆ. ಮಿತಿ 0ಯಲ್ಲಿದ್ದರೆ ದೋಷ ಸಾಮಾನ್ಯವಾಗಿ ಗೇನಿನದು. 0ಗಿಂತ ಸಾಕಷ್ಟು ಕೆಳಗಿದ್ದರೆ ಮೈಕಿನದು, ಅದರ ವಿದ್ಯುತ್ತಿನದು ಅಥವಾ ಪ್ರಿಆಂಪಿನದು. ಆದರೆ ಲಿಮಿಟರ್ ಹಾಕಿದ್ದರೆ ಅದೂ ಇಂಥದೇ ಮಿತಿಯನ್ನು ಉಂಟುಮಾಡುವುದರಿಂದ, ಅಧ್ಯಯನದ ದಾಖಲೆಯಲ್ಲಿ ಅದನ್ನು ಬಿಟ್ಟುಬಿಡುವುದೇ ಸರಿ.

7. ಫಲಿತ

ಲೆವೆಲ್ ಮೀಟರಿನ ಓದು ಸರಪಳಿಯ ಕೊನೆಯ ಕೊಂಡಿಯ ಸಾಕ್ಷ್ಯ ಮಾತ್ರ. ಅದಕ್ಕೆ ಅರ್ಥ ಬರುವುದು ಮೊದಲ ಕೊಂಡಿಗೆ ತಕ್ಕ ವಿದ್ಯುತ್ತು ಇತ್ತೆಂದು ಬೇರೆಯಾಗಿ ಖಚಿತವಾದಾಗ. ಹಿಮ್ಮೇಳದ ದಾಖಲೆಗಳಿಗೆ ಜೋಡಿಸುವ ವಿವರಪಟ್ಟಿಯಲ್ಲಿ ಪ್ರಸಂಗ, ಕಲಾವಿದರು, ಸ್ಥಳ, ದಿನಾಂಕಗಳ ಜೊತೆ ನಾಲ್ಕು ಅಂಶಗಳನ್ನು ಸೇರಿಸಬಹುದು: ಪ್ರತಿ ಚಾನೆಲ್ಲಿನ ಮೈಕ್ ಮತ್ತು ಅದು ಎಳೆಯುವ ಕರೆಂಟು, ಆಯ್ದ ಫ್ಯಾಂಟಮ್ ವೋಲ್ಟೇಜ್ ಹಾಗೂ ಭಾರ ಹಾಕಿ ಅಳೆದ ವೋಲ್ಟೇಜ್, ಗೇನ್ ಎಷ್ಟು ಡಿಬಿ, ಲಿಮಿಟರ್ ಇತ್ತೇ ಇಲ್ಲವೇ. ಇವಿಲ್ಲದಿದ್ದರೆ, ಮುಂದೊಂದು ದಿನ ಚೆಂಡೆಯ ನಾದವನ್ನು ವಿಶ್ಲೇಷಿಸುವವರು ಮೈಕಿನ ಒಡಕನ್ನು ವಾದ್ಯದ ಗುಣವೆಂದೋ ಬಾರಿಸಿದವರ ಶೈಲಿಯೆಂದೋ ಬರೆದಿಡುವ ಸಾಧ್ಯತೆಯಿದೆ. ಹಾಗೆ ಬರೆದದ್ದನ್ನು ತಿದ್ದಲು ಆಗ ಯಾವ ಆಧಾರವೂ ಉಳಿದಿರುವುದಿಲ್ಲ.