ಟೇಲರ್ ಕಣಿವೆ

ಅಂಟಾರ್ಕ್ಟಿಕಾದ ವಿಕ್ಟೋರಿಯಾ ಲ್ಯಾಂಡಿನಲ್ಲಿರುವ ಹಿಮರಹಿತ ಕಣಿವೆ, ಮ್ಯಾಕ್‌ಮರ್ಡೊ ಒಣಕಣಿವೆಗಳಲ್ಲೊಂದು. ಉದ್ದ ಸುಮಾರು 35 ಕಿ.ಮೀ. 1903ರಲ್ಲಿ ರಾಬರ್ಟ್ ಸ್ಕಾಟ್ ಇದನ್ನು ಕಂಡ. 1911ರಲ್ಲಿ ಅನ್ವೇಷಿಸಿದ ಭೂವಿಜ್ಞಾನಿ ಗ್ರಿಫಿತ್ ಟೇಲರನ ಹೆಸರು ಇದಕ್ಕಿದೆ. ಇಲ್ಲಿ ಹಿಮದ ಹೊದಿಕೆಯಿಲ್ಲದಿರಲು ಬೆಚ್ಚನೆಯ ಹವೆ ಕಾರಣವಲ್ಲ. ವಾರ್ಷಿಕ ಸರಾಸರಿ ಉಷ್ಣತೆ ಶೂನ್ಯಕ್ಕಿಂತ 15 ಡಿಗ್ರಿಗೂ ಹೆಚ್ಚು ಕೆಳಗಿದೆ. ನಿಜವಾದ ಕಾರಣ ಒಣಹವೆ. ಸಹ್ಯಾದ್ರಿ ಮಳೆಮೋಡಗಳನ್ನು ತಡೆದು ತೇರದಾಳ, ಜಮಖಂಡಿ ಸೀಮೆಯನ್ನು ಮಳೆನೆರಳಿಗೆ ದೂಡಿದಂತೆ, ಇಲ್ಲಿಯೂ ಪರ್ವತಗಳು ಹಿಮಪಾತವನ್ನು ತಗ್ಗಿಸುತ್ತವೆ. ಪೂರ್ವ ಅಂಟಾರ್ಕ್ಟಿಕಾದ ಹಿಮರಾಶಿ ಹರಿದು ಬರುವುದನ್ನೂ ಬಹುಮಟ್ಟಿಗೆ ತಡೆಯುತ್ತವೆ. ಪ್ರಸ್ಥಭೂಮಿಯಿಂದ ಇಳಿದು ಬರುವ ಒಣಗಾಳಿ ಬಿದ್ದಷ್ಟು ಹಿಮವನ್ನೂ ಹೀರಿಬಿಡುತ್ತದೆ.

ಇಷ್ಟು ಒಣನೆಲದಲ್ಲಿ, ಕಣಿವೆಗೆ ಇಳಿದು ಬಂದಿರುವ ಕೆನಡಾ, ಕಾಮನ್‌ವೆಲ್ತ್ ಎಂಬ ಹಿಮನದಿಗಳು ಹೇಗೆ ಉಳಿದಿವೆ ಎಂಬ ಆಕ್ಷೇಪ ಸಹಜ. ಅವುಗಳ ಮೂಲ ಕಣಿವೆಯ ತಳವಲ್ಲ, ಹೆಚ್ಚು ಹಿಮ ಬೀಳುವ ಎತ್ತರದ ಬೆಟ್ಟಸಾಲು. ಕೆಳಗಿಳಿದ ಹಿಮದಲ್ಲಿ ಬಹುಪಾಲು ಕರಗದೆ ನೇರವಾಗಿ ಆವಿಯಾಗುತ್ತದೆ. ಬೇಸಿಗೆಯ ಕೆಲವು ವಾರ ಕರಗುವ ಅಲ್ಪ ನೀರೇ ಫ್ರಿಕ್ಸೆಲ್, ಹೋರ್, ಬಾನಿ ಸರೋವರಗಳಿಗೆ ಆಧಾರ. ಟೇಲರ್ ಹಿಮನದಿಯ ತುದಿಯಲ್ಲಿ ಕಬ್ಬಿಣಾಂಶವುಳ್ಳ ಉಪ್ಪುನೀರು ಒಸರಿ, ಗಾಳಿ ತಾಗಿದೊಡನೆ ತುಕ್ಕುಗೆಂಪಾಗುತ್ತದೆ; ಇದೇ ‘ರಕ್ತ ಜಲಪಾತ’. ಚಳಿಯೊಂದೇ ಹಿಮದ ಹೊದಿಕೆಯನ್ನು ಕಟ್ಟಲಾರದು. ಬೀಳುವ ಹಿಮ ಕಳೆದುಹೋಗುವುದಕ್ಕಿಂತ ಹೆಚ್ಚಿರಬೇಕು ಎಂಬುದಕ್ಕೆ ಈ ಕಣಿವೆ ಸ್ಪಷ್ಟ ಸಾಕ್ಷಿ.