ಕೊಂಡವಾಡದಿಂದ ಕಿವಿಯೋಲೆಯವರೆಗೆ

ರಾಯಬಾಗ ತಾಲೂಕಿನ ದಿಗ್ಗೇವಾಡಿ ಕೃಷ್ಣೆಯ ದಂಡೆಯ ಊರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಮ್ಮೆಯೋ ಎತ್ತೋ ಮನೆಗೆ ಬರಲಿಲ್ಲವೆಂದರೆ ಈ ಸೀಮೆಯ ರೈತರು ಹೊಳೆದಂಡೆ ನೋಡುತ್ತಿದ್ದರು, ನೆರೆಯವರ ಹೊಲ ಸುತ್ತುತ್ತಿದ್ದರು. ಅಲ್ಲೆಲ್ಲೂ ಸಿಗದಿದ್ದರೆ ಉಳಿಯುತ್ತಿದ್ದುದು ಕೊಂಡವಾಡ.

ಹಳೇ ಮೈಸೂರಿನವರು ದೊಡ್ಡಿ ಎನ್ನುವುದನ್ನೇ ಬೆಳಗಾವಿ ಕಡೆ ಕೊಂಡವಾಡ ಎನ್ನುತ್ತಾರೆ. ಬೆಳೆ ಮೇಯ್ದ ದನವನ್ನು ಹಿಡಿದು ತಂದು ಕೂಡಿಹಾಕುವ ಜಾಗವದು. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಜಾನುವಾರು ಅತಿಕ್ರಮಣ ಕಾಯ್ದೆ ಇದಕ್ಕೊಂದು ಕಟ್ಟುನಿಟ್ಟಿನ ಕ್ರಮ ಹಾಕಿಕೊಟ್ಟಿತು. ದನ ಎಷ್ಟು, ಯಾವ ದಿನ ಯಾವ ಹೊತ್ತಿಗೆ ಬಂದವು, ಹಿಡಿದು ತಂದವರು ಯಾರು ಎಂಬುದನ್ನೆಲ್ಲ ದಫ್ತರದಲ್ಲಿ ಬರೆದಿಡಬೇಕಿತ್ತು. ಏಳು ದಿನವಾದರೂ ಯಾರೂ ಬಾರದಿದ್ದರೆ ಸುದ್ದಿ ಪೊಲೀಸ್ ಠಾಣೆಗೆ ಹೋಗುತ್ತಿತ್ತು. ಠಾಣೆಯ ಗೋಡೆಗೆ ದನದ ಚಹರೆ ಬರೆದ ನೋಟಿಸು ಅಂಟಿಸಿ, ಹಿಡಿದ ಊರಿನಲ್ಲೂ ಹತ್ತಿರದ ಸಂತೆಯಲ್ಲೂ ಡಂಗುರ ಸಾರಿಸಬೇಕಿತ್ತು. ಮತ್ತೆ ಏಳು ದಿನ ಕಾದು, ಆಮೇಲೆ ಹರಾಜು.

ಅಂದರೆ ಮನೆಯ ದನ ಮನೆಗೆ ಮರಳಬೇಕಾದರೆ ಒಡೆಯನಿಗೆ ಅದರ ಗುರುತು ಬಾಯಲ್ಲಿರಬೇಕಿತ್ತು. ‘ಬಲಗೋಡಿನ ತುದಿ ಮುರದೈತ್ರಿ, ಹಣಿ ಮ್ಯಾಲೆ ಬಿಳಿ ಚುಕ್ಕಿ, ಎಡಗಿವಿ ಹರದೈತ್ರಿ’ ಎಂದು ಬಿಡಿಬಿಡಿಯಾಗಿ ಹೇಳಬೇಕು. ಬರೀ ‘ಕರಿ ಎಮ್ಮಿ’ ಎಂದರೆ ಊರ ತುಂಬ ಕರಿ ಎಮ್ಮೆಗಳೇ.

ಎತ್ತುಗಳ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಈ ಭಾಗದ ಹೆಸರಾಂತ ತಳಿಗಳು ಖಿಲಾರಿ ಮತ್ತು ಕೃಷ್ಣಾ ಕಣಿವೆ. ಎರಡರಲ್ಲೂ ಬಿಳಿ, ಬೂದು ಬಿಳಿ ಬಣ್ಣದವೇ ಬಹಳ. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ದನಗಳ ಜಾತ್ರೆಯೂ ಕೂಡುತ್ತದೆ. ಸಾಲುಸಾಲು ಬಿಳಿ ಎತ್ತುಗಳ ನಡುವೆ ಕಣ್ಣಿ ಕಳಚಿಕೊಂಡು ಹೋದದ್ದನ್ನು ಬಣ್ಣದಿಂದ ಹುಡುಕುವುದು ಆಗದ ಮಾತು. ಅಲ್ಲಿ ಕೆಲಸಕ್ಕೆ ಬರುವುದು ಸುಳಿ. ಹಣೆ, ಬೆನ್ನು, ಹೆಗಲ ಮೇಲಿನ ಕೂದಲ ಸುಳಿ ನೋಡಿಯೇ ನಮ್ಮ ರೈತರು ಎತ್ತಿನ ಬೆಲೆ ಕಟ್ಟುವವರು. ಕೊಳ್ಳುವಾಗ ನೋಡಿದ ಸುಳಿ ಕಳೆದಾಗ ಸಾಕ್ಷಿಯಾಗುತ್ತದೆ. ಕೋಡಿಗೆ ಬಳಿದ ಬಣ್ಣ, ಕೊರಳ ಗಂಟೆಯ ನಾದ, ಮೈಮೇಲಿನ ಬರೆ ಇದಕ್ಕೆ ಜೊತೆ. ಬಣ್ಣ ಮಾಸುತ್ತದೆ, ಗಂಟೆಯನ್ನು ಕಳ್ಳ ಬಿಚ್ಚುತ್ತಾನೆ. ಸುಳಿಯನ್ನು ಅಳಿಸಲಾಗದು.

ಹುಟ್ಟಿನಿಂದ ಬಂದ ಗುರುತನ್ನು ಹುಡುಕಿದವರು ಬೇರೆ ಕಡೆಯೂ ಇದ್ದರು. ಅಮೆರಿಕದ ಮಿನ್ನೆಸೋಟಾದಲ್ಲಿ ಡಬ್ಲ್ಯೂ. ಇ. ಪೀಟರ್ಸನ್ 1922ರಲ್ಲಿ ಹಸುವಿನ ಮೂಗಿಗೆ ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆದು, ಮನುಷ್ಯರ ಹೆಬ್ಬೆಟ್ಟಿನಂತೆ ಅದನ್ನೂ ಗುರುತಿಗೆ ಬಳಸಬಹುದೆಂದು ಬರೆದರು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ದಂಡೆಯ ಊರುಗಳಿಗೆ ನುಗ್ಗಿದಳು. ಜನ ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ನಡೆದರು. ಹಲವು ಊರಿನ ದನ ಒಂದೇ ಕಡೆ ಬೆರೆತಾಗ ಒಡೆಯನ ಕಣ್ಣೊಂದನ್ನೇ ನೆಚ್ಚಿಕೊಳ್ಳುವುದು ಎಷ್ಟು ಕಷ್ಟ ಎಂದು ಊಹಿಸಬಹುದು. ಮರುತಿಂಗಳೇ, ಸೆಪ್ಟೆಂಬರ್ 11ರಂದು, ಕೇಂದ್ರ ಸರ್ಕಾರ ಕಾಲುಬಾಯಿ ಜ್ವರ ಮತ್ತು ಕಂದುರೋಗದ ವಿರುದ್ಧ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮ ಆರಂಭಿಸಿತು. ಅದರೊಂದಿಗೆ 12 ಅಂಕಿಯ ಹಳದಿ ಕಿವಿಯೋಲೆ ಹಳ್ಳಿಹಳ್ಳಿಗೆ ಬಂತು. ಲಸಿಕೆಯ ಲೆಕ್ಕಕ್ಕೆಂದು ಬಂದದ್ದಾದರೂ ಆ ಅಂಕಿಯ ಹಿಂದೆ ದನದ ತಳಿ, ವಯಸ್ಸು, ಊರು, ಒಡೆಯನ ಹೆಸರು ಕಂಪ್ಯೂಟರಿನಲ್ಲಿ ಕೂತಿರುತ್ತವೆ. ಕೊಂಡವಾಡದ ದಫ್ತರ ದನ ಕಳೆದ ಮೇಲೆ ತೆರೆಯುತ್ತಿತ್ತು. ಈ ದಾಖಲೆ ಕಳೆಯುವ ಮೊದಲೇ ಸಿದ್ಧವಿರುತ್ತದೆ.

ಆದರೆ ಜಾತ್ರೆಯಲ್ಲಿ ಎತ್ತು ಕೈ ಬದಲಾದರೂ ದಾಖಲೆಯಲ್ಲಿ ಹಳೆಯ ಒಡೆಯನ ಹೆಸರೇ ಉಳಿದರೆ, ಕಳೆದ ಎತ್ತು ಸಿಕ್ಕ ದಿನ ಸುದ್ದಿ ಹೋಗುವುದು ಮಾರಿದವರ ಮನೆಗೆ. ದನ ಕೊಂಡವರು ಹಗ್ಗ ಹಿಡಿದು ಊರಿಗೆ ಬಂದ ವಾರದೊಳಗೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ಆ 12 ಅಂಕಿಯ ಎದುರು ತಮ್ಮ ಹೆಸರು ಬರೆಸಿಕೊಳ್ಳಲಿ. ಜೊತೆಗೆ, ಸುಳಿ ಎಲ್ಲಿದೆ ಎಂಬುದನ್ನು ಮನೆಯ ಮಕ್ಕಳಿಗೂ ತೋರಿಸಿಡಲಿ.